ಉಪ್ಪು, ಅಯೋಡಿನ್ ಮತ್ತು ವಿಶ್ವಾಸ: ಆರೋಗ್ಯ ಕಾರ್ಯಕ್ರಮವೊಂದು ಫಲಿಸುವ ಬಗೆ

ಕಿರಾಣಿ ಅಂಗಡಿಯ ಸರಕುಗಳಲ್ಲಿ ಉಪ್ಪಿಗೆ ವಿಚಿತ್ರವಾದ ಸ್ಥಾನವಿದೆ. ಅದಿಲ್ಲದೆ ಯಾವ ಮನೆಯ ಅಡುಗೆಯೂ ನಡೆಯದು. ಆದರೂ ಅದರಲ್ಲಿ ಸಿಗುವ ಲಾಭ ಅತ್ಯಲ್ಪ, ಹಿಡಿಯುವ ಜಾಗ ಮಾತ್ರ ಹೆಚ್ಚು. ಸಕ್ಕರೆ, ಬೇಳೆ, ಎಣ್ಣೆಗಳನ್ನು ಒಳಗಿಟ್ಟು ಬೀಗ ಹಾಕುವ ವರ್ತಕರು ಉಪ್ಪಿನ ಮೂಟೆಯನ್ನು ಅಂಗಡಿಯ ಜಗಲಿಯ ಮೇಲೆಯೇ ಬಿಟ್ಟು ಹೋಗುವುದು ಅನೇಕ ಊರುಗಳಲ್ಲಿ ತಲೆಮಾರುಗಳಿಂದ ನಡೆದುಬಂದ ರೂಢಿ. ಉಪ್ಪನ್ನು ಯಾರೂ ಕದಿಯುವುದಿಲ್ಲ ಎಂಬ ನಂಬಿಕೆಯೇ ಅದಕ್ಕೆ ಕಾರಣ. ಆದರೆ ಬಿಸಿಲು ಮತ್ತು ತೇವ ಕದ್ದೊಯ್ಯಬಲ್ಲ ವಸ್ತುವೊಂದು ಈಗ ಆ ಮೂಟೆಯೊಳಗೆ ಸೇರಿಕೊಂಡಿದೆ. ಅದು ಅಯೋಡಿನ್.

ವರ್ತಕರೂ ಸಣ್ಣ ಉದ್ಯಮಿಗಳೂ ಸಾಮಾಜಿಕ ಮತ್ತು ಆರೋಗ್ಯ ಕಾರ್ಯಕ್ರಮಗಳ ಹೆಸರನ್ನು ನಿತ್ಯ ಕೇಳುತ್ತಾರೆ. ತೆರಿಗೆಯ ರೂಪದಲ್ಲಿ, ಕಾರ್ಮಿಕರ ವಿಮೆಯ ವಂತಿಗೆಯ ರೂಪದಲ್ಲಿ, ದೇಣಿಗೆಯ ರೂಪದಲ್ಲಿ ಅವುಗಳಿಗೆ ಹಣವನ್ನೂ ಒದಗಿಸುತ್ತಾರೆ. ಹೀಗಿರುವಾಗ ಎರಡು ಪ್ರಶ್ನೆಗಳು ಸಹಜವಾಗಿಯೇ ಏಳುತ್ತವೆ. ಈ ಕಾರ್ಯಕ್ರಮದಿಂದ ನಿಜವಾಗಿ ಪ್ರಯೋಜನವಾಗುತ್ತಿದೆಯೇ? ಅದನ್ನು ನಡೆಸುವವರು ಒಪ್ಪಿಸುವ ಲೆಕ್ಕವನ್ನು ನಂಬಬಹುದೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಉಪ್ಪಿನ ಅಯೋಡೀಕರಣಕ್ಕಿಂತ ಹತ್ತಿರದ ಉದಾಹರಣೆ ವರ್ತಕ ಸಮುದಾಯಕ್ಕೆ ಸಿಗಲಾರದು. ಏಕೆಂದರೆ ಈ ಕಾರ್ಯಕ್ರಮ ನಡೆದದ್ದು ಆಸ್ಪತ್ರೆಗಳಲ್ಲಿ ಅಲ್ಲ. ಉಪ್ಪಿನ ಆಗರಗಳಲ್ಲಿ, ಗಿರಣಿಗಳಲ್ಲಿ, ರೈಲು ವ್ಯಾಗನ್‌ಗಳಲ್ಲಿ, ಕೊನೆಗೆ ಕಿರಾಣಿ ಅಂಗಡಿಗಳಲ್ಲಿ.

ಕಣ್ಣಿಗೆ ಕಾಣದ ಕೊರತೆ

ಗಂಟಲಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯು ದೇಹದ ಬೆಳವಣಿಗೆಗೂ ಮಿದುಳಿನ ವಿಕಾಸಕ್ಕೂ ಅಗತ್ಯವಾದ ಹಾರ್ಮೋನುಗಳನ್ನು ತಯಾರಿಸುತ್ತದೆ. ಆ ತಯಾರಿಕೆಗೆ ಅಯೋಡಿನ್ ಕಚ್ಚಾವಸ್ತು. ವಯಸ್ಕರೊಬ್ಬರಿಗೆ ದಿನಕ್ಕೆ ಬೇಕಾಗುವುದು 150 ಮೈಕ್ರೋಗ್ರಾಂ. ಅಂದರೆ ಒಂದು ಗ್ರಾಂ ಅಯೋಡಿನ್ನನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ 150 ಪಾಲು ಮಾತ್ರ. ಎಪ್ಪತ್ತು ವರ್ಷಗಳ ಬಾಳಿಗೆ ಬೇಕಾಗುವ ಒಟ್ಟು ಪ್ರಮಾಣ ನಾಲ್ಕು ಗ್ರಾಂಗಳನ್ನೂ ಮುಟ್ಟುವುದಿಲ್ಲ. ಆದರೆ ಅದನ್ನು ಒಮ್ಮೆಗೇ ತಿಂದು ಸಂಗ್ರಹಿಸಿಟ್ಟುಕೊಳ್ಳಲು ದೇಹಕ್ಕೆ ಸಾಧ್ಯವಿಲ್ಲ. ದಿನದಿನವೂ ಸ್ವಲ್ಪಸ್ವಲ್ಪವಾಗಿ ದೊರೆಯಬೇಕು.

ಮಳೆ ಮತ್ತು ಪ್ರವಾಹಗಳಿಂದ ಮೇಲ್ಮಣ್ಣು ಕೊಚ್ಚಿಹೋದ ಪ್ರದೇಶಗಳಲ್ಲಿ ಮಣ್ಣಿನಲ್ಲಿಯೂ ನೀರಿನಲ್ಲಿಯೂ ಬೆಳೆಯಲ್ಲಿಯೂ ಅಯೋಡಿನ್ ಕಡಿಮೆ. ಹಿಮಾಲಯದ ತಪ್ಪಲಿನ ಜನರಲ್ಲಿ ಗಂಟಲು ಊದಿಕೊಳ್ಳುವ ಗಳಗಂಡ ರೋಗ ಬಹುಕಾಲದಿಂದ ಕಂಡುಬರುತ್ತಿದ್ದುದಕ್ಕೆ ಇದೇ ಕಾರಣ. ಆದರೆ ಇದು ಗುಡ್ಡಗಾಡಿನ ಕಾಯಿಲೆ ಮಾತ್ರವಲ್ಲವೆಂದು ನಂತರದ ಸಮೀಕ್ಷೆಗಳು ತೋರಿಸಿದವು. ಸಮೀಕ್ಷೆ ನಡೆದ ಜಿಲ್ಲೆಗಳ ಪೈಕಿ ಬಹುಪಾಲು ಜಿಲ್ಲೆಗಳಲ್ಲಿ ಕೊರತೆ ಪತ್ತೆಯಾಯಿತು. ಕರ್ನಾಟಕದ ಮಲೆನಾಡು ಸೀಮೆಯೂ ಇದಕ್ಕೆ ಹೊರತಾಗಲಿಲ್ಲ.

ಗಳಗಂಡ ಕಣ್ಣಿಗೆ ಕಾಣುವ ಲಕ್ಷಣ; ಅದಕ್ಕಿಂತ ದೊಡ್ಡ ಹಾನಿ ಕಣ್ಣಿಗೆ ಕಾಣುವುದಿಲ್ಲ. ಗರ್ಭಿಣಿಯ ದೇಹದಲ್ಲಿ ಅಯೋಡಿನ್ ತೀರಾ ಕಡಿಮೆಯಾದರೆ ಗರ್ಭಪಾತ, ಶಿಶುಮರಣ ಸಂಭವಿಸಬಹುದು. ಮಗು ಕಿವುಡಾಗಿ, ಬುದ್ಧಿ ಬೆಳೆಯದೆ ಹುಟ್ಟಬಹುದು. ಕೊರತೆ ಅಷ್ಟು ತೀವ್ರವಾಗಿಲ್ಲದ ಕಡೆಯೂ ಮಕ್ಕಳ ಕಲಿಕೆಯ ಶಕ್ತಿ ಕುಗ್ಗುತ್ತದೆ. ಗರ್ಭದಲ್ಲಿ ಮತ್ತು ಎಳವೆಯಲ್ಲಿ ಆದ ಈ ನಷ್ಟವನ್ನು ಮುಂದೆ ಯಾವ ಔಷಧಿಯಿಂದಲೂ ತುಂಬಿಕೊಡಲಾಗದು. ತನ್ನ ಮಗು ಏನನ್ನು ಕಳೆದುಕೊಂಡಿತೆಂಬುದು ತಾಯಿಗೆ ತಿಳಿಯುವುದೂ ಇಲ್ಲ. ದೂರು ಕೊಡಲು ಯಾರೂ ಇಲ್ಲದ ಇಂಥ ನಷ್ಟವನ್ನು ತಡೆಯುವ ಕಾರ್ಯಕ್ರಮದಲ್ಲಿ ಸೋಮಾರಿತನಕ್ಕೂ ಕಳ್ಳಲೆಕ್ಕಕ್ಕೂ ಅವಕಾಶ ಹೆಚ್ಚು. ಆದ್ದರಿಂದಲೇ ಇಲ್ಲಿ ವಿಶ್ವಾಸಾರ್ಹತೆಯ ಪ್ರಶ್ನೆ ಗಂಭೀರವಾದುದು.

ಮೊದಲು ಪರೀಕ್ಷೆ, ಆಮೇಲೆ ಯೋಜನೆ

ಉಪ್ಪಿಗೆ ಅಯೋಡಿನ್ ಬೆರೆಸುವ ವಿಚಾರ ಭಾರತದಲ್ಲಿ ಹುಟ್ಟಿದ್ದಲ್ಲ. ಸ್ವಿಟ್ಜರ್ಲೆಂಡಿನಲ್ಲಿ 1922ರಲ್ಲಿಯೂ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 1924ರಲ್ಲಿಯೂ ಅಂಥ ಉಪ್ಪು ಮಾರಾಟಕ್ಕೆ ಬಂದಿತ್ತು. ಆದರೆ ಅನ್ಯದೇಶದಲ್ಲಿ ಫಲಿಸಿತೆಂಬ ಮಾತ್ರಕ್ಕೆ ಇಲ್ಲಿಯೂ ಫಲಿಸುವುದೆಂದು ಭಾವಿಸಲಾಗದು. ಇಲ್ಲಿನ ಉಪ್ಪು ಒರಟು. ಅದರಲ್ಲಿ ಕಲ್ಮಶ ಹೆಚ್ಚು. ಹವೆಯಲ್ಲಿ ಬಿಸಿಲೂ ತೇವವೂ ಹೆಚ್ಚು.

ಈ ಸಂದೇಹವನ್ನು ಪರಿಹರಿಸಲು ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಹೋದ್ಯೋಗಿಗಳು 1956ರಲ್ಲಿ ಈಗಿನ ಹಿಮಾಚಲ ಪ್ರದೇಶದ ಕಾಂಗ್ರಾ ಕಣಿವೆಯಲ್ಲಿ ಒಂದು ಪ್ರಯೋಗವನ್ನು ಆರಂಭಿಸಿದರು. ಸುಮಾರು ಒಂದು ಲಕ್ಷ ಜನಸಂಖ್ಯೆಯ ಪ್ರದೇಶವನ್ನು ಮೂರು ವಲಯಗಳಾಗಿ ವಿಂಗಡಿಸಲಾಯಿತು. ಒಂದು ವಲಯಕ್ಕೆ ಪೊಟ್ಯಾಸಿಯಂ ಅಯೊಡೈಡ್ ಬೆರೆಸಿದ ಉಪ್ಪು, ಇನ್ನೊಂದಕ್ಕೆ ಪೊಟ್ಯಾಸಿಯಂ ಅಯೊಡೇಟ್ ಬೆರೆಸಿದ ಉಪ್ಪು, ಮತ್ತೊಂದಕ್ಕೆ ಏನನ್ನೂ ಬೆರೆಸದ ಸಾಧಾರಣ ಉಪ್ಪು. ಆರಂಭದಲ್ಲಿ ಮೂರೂ ವಲಯಗಳಲ್ಲಿ ಗಳಗಂಡದ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು: ಶೇಕಡಾ 38ರ ಆಸುಪಾಸು. ಆರು ವರ್ಷಗಳ ನಂತರ ನೋಡಿದಾಗ ಅಯೋಡಿನ್ ದೊರೆತ ಎರಡೂ ವಲಯಗಳಲ್ಲಿ ಅದು ಅರ್ಧಕ್ಕೆ, ಅದಕ್ಕಿಂತಲೂ ಕೆಳಕ್ಕೆ ಇಳಿದಿತ್ತು. ಸಾಧಾರಣ ಉಪ್ಪಿನ ವಲಯದಲ್ಲಿ ಇಳಿಕೆಯೇ ಇರಲಿಲ್ಲ. ಪ್ರಯೋಜನ ಖಚಿತವಾದ ಮೇಲೆ 1962ರಿಂದ ಆ ವಲಯಕ್ಕೂ ಅಯೋಡಿನ್ ಉಪ್ಪನ್ನು ಒದಗಿಸಲಾಯಿತು. ಅಲ್ಲಿಯೂ ರೋಗ ಇಳಿಯಿತು.

ಈ ಪ್ರಯೋಗದ ಮಹತ್ವವಿರುವುದು ಸಾಧಾರಣ ಉಪ್ಪಿನ ವಲಯದಲ್ಲಿ. ಅದಿಲ್ಲದಿದ್ದರೆ, ರೋಗ ಇಳಿದದ್ದು ಉಪ್ಪಿನಿಂದಲೋ, ರಸ್ತೆ ಬಂದು ಹೊರಗಿನ ಆಹಾರ ದೊರೆತದ್ದರಿಂದಲೋ, ಜನರ ವರಮಾನ ಹೆಚ್ಚಿದ್ದರಿಂದಲೋ ಹೇಳಲು ಬರುತ್ತಿರಲಿಲ್ಲ. ವ್ಯಾಪಾರದಲ್ಲಿಯೂ ಹೀಗೆಯೇ. ಹೊಸ ಜಾಹೀರಾತು ಕೊಟ್ಟ ತಿಂಗಳು ಮಾರಾಟ ಹೆಚ್ಚಿತೆಂದು ಸಂತೋಷಪಡುವ ಮುನ್ನ ಅದು ಹಬ್ಬದ ತಿಂಗಳಾಗಿತ್ತೇ ಎಂದು ಅನುಭವಿಗಳು ಕೇಳಿಕೊಳ್ಳುತ್ತಾರೆ. ‘ಯೋಜನೆಯ ಮುಂಚೆ ಇಷ್ಟು, ಯೋಜನೆಯ ನಂತರ ಇಷ್ಟು’ ಎಂದು ಹೇಳುವ ವರದಿ ಅರ್ಧ ಲೆಕ್ಕ ಮಾತ್ರ. ಯೋಜನೆ ಇಲ್ಲದಿದ್ದಲ್ಲಿ ಅದೇ ಅವಧಿಯಲ್ಲಿ ಏನಾಯಿತೆಂಬುದೂ ಸೇರಿದಾಗಲೇ ಲೆಕ್ಕ ಪೂರ್ಣವಾಗುವುದು.

ಒಳ್ಳೆಯ ಯೋಜನೆ, ಸಾಲದ ಸರಬರಾಜು

ಕಾಂಗ್ರಾದ ಫಲಿತಾಂಶದ ಆಧಾರದ ಮೇಲೆ ಭಾರತ ಸರ್ಕಾರ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಜಾರಿಗೆ ತಂದಿತು. ವಿಜ್ಞಾನ ಸರಿಯಾಗಿತ್ತು, ಉದ್ದೇಶವೂ ಸರಿಯಾಗಿತ್ತು. ಆದರೂ ಮೊದಲ ಇಪ್ಪತ್ತು ವರ್ಷಗಳಲ್ಲಿ ಕಾರ್ಯಕ್ರಮ ಕುಂಟುತ್ತಲೇ ಸಾಗಿತು. ಅಯೋಡಿನ್ ಉಪ್ಪಿನ ತಯಾರಿಕೆಯನ್ನು ಸಾರ್ವಜನಿಕ ವಲಯಕ್ಕೆ ಮಾತ್ರ ಸೀಮಿತಗೊಳಿಸಿದ್ದು, ಗಳಗಂಡ ಇರುವ ಪ್ರದೇಶಗಳಿಗೆ ಮಾತ್ರ ಅದನ್ನು ಕಳುಹಿಸಿದ್ದು ಇದಕ್ಕೆ ಮುಖ್ಯ ಕಾರಣಗಳು. ತಯಾರಿಕೆ ಬೇಡಿಕೆಯ ಒಂದು ಸಣ್ಣ ಪಾಲನ್ನಷ್ಟೇ ಮುಟ್ಟುತ್ತಿತ್ತು. ಒಂದೇ ಸಂತೆಯಲ್ಲಿ ಎರಡು ಬಗೆಯ ಉಪ್ಪು ಸಿಗುವಾಗ ಗ್ರಾಹಕರು ಅಗ್ಗವಾದುದನ್ನೇ ಕೊಳ್ಳುವುದೂ ಸ್ವಾಭಾವಿಕ.

1983ರಲ್ಲಿ ಖಾಸಗಿ ತಯಾರಕರಿಗೆ ಅವಕಾಶ ನೀಡಲಾಯಿತು. ಖಾದ್ಯ ಉಪ್ಪೆಲ್ಲವನ್ನೂ ಹಂತಹಂತವಾಗಿ ಅಯೋಡೀಕರಿಸಬೇಕೆಂದು 1984ರಲ್ಲಿ ತೀರ್ಮಾನವಾಯಿತು. 1992ರಲ್ಲಿ ಕಾರ್ಯಕ್ರಮದ ಹೆಸರನ್ನು ರಾಷ್ಟ್ರೀಯ ಅಯೋಡಿನ್ ಕೊರತೆ ದೋಷಗಳ ನಿಯಂತ್ರಣ ಕಾರ್ಯಕ್ರಮವೆಂದು ಬದಲಿಸಲಾಯಿತು. ಗಳಗಂಡವೊಂದೇ ಅಲ್ಲ, ಮಕ್ಕಳ ಬುದ್ಧಿಯ ವಿಕಾಸವೂ ಇದರ ಗುರಿ ಎಂಬುದನ್ನು ಇದು ಸ್ಪಷ್ಟಪಡಿಸಿತು. 1985-86ರಲ್ಲಿ ಸುಮಾರು 5 ಲಕ್ಷ ಟನ್ ಇದ್ದ ತಯಾರಿಕೆ 2012-13ರ ವೇಳೆಗೆ 60 ಲಕ್ಷ ಟನ್ ದಾಟಿತು. ಸರ್ಕಾರವೇ ಎಲ್ಲವನ್ನೂ ಮಾಡಹೊರಟಾಗ ಆಗದೆ ಇದ್ದುದು, ಉಪ್ಪನ್ನು ಮಾಡಿ ಮಾರುವವರ ನಿತ್ಯದ ಕಸುಬಿನೊಳಗೆ ಸೇರಿಕೊಂಡಾಗ ಸಾಧ್ಯವಾಯಿತು. ಸರ್ಕಾರದ ಪಾತ್ರ ಇದರಿಂದ ಕಡಿಮೆಯಾಯಿತೆಂದು ಇದರ ಅರ್ಥವಲ್ಲ. ಮಾಡುವವರ ಸ್ಥಾನದಿಂದ ಅದು ನಿಯಮಿಸುವ ಮತ್ತು ತಪಾಸಣೆ ಮಾಡುವ ಸ್ಥಾನಕ್ಕೆ ಬಂದಿತು.

ಚಿಕ್ಕದಾದ, ಅಳೆಯಬಹುದಾದ ವಾಗ್ದಾನ

ಈ ಕಾರ್ಯಕ್ರಮದ ಇನ್ನೊಂದು ಗುಣವೆಂದರೆ ಅದರ ವಾಗ್ದಾನದ ಖಚಿತತೆ. ತಯಾರಿಕೆಯ ಹಂತದಲ್ಲಿ ಉಪ್ಪಿನ ದಶಲಕ್ಷ ಭಾಗಕ್ಕೆ 30 ಭಾಗ ಅಯೋಡಿನ್, ಅಂದರೆ ವ್ಯವಹಾರದ ಮಾತಿನಲ್ಲಿ 30 ಪಿಪಿಎಂ. ಗ್ರಾಹಕರ ಕೈ ಸೇರುವಾಗ ಕನಿಷ್ಠ 15 ಪಿಪಿಎಂ. ಹೀಗೆಂದು 1980ರ ದಶಕದಲ್ಲಿಯೇ ನಿಗದಿಯಾಯಿತು. ಈ ಅಂಕಿಗಳ ಹಿಂದೆ ಸರಳವಾದ ಲೆಕ್ಕವಿದೆ. ಒಬ್ಬರು ದಿನಕ್ಕೆ ಸುಮಾರು 10 ಗ್ರಾಂ ಉಪ್ಪು ತಿನ್ನುತ್ತಾರೆಂದು ಇಟ್ಟುಕೊಂಡರೆ 15 ಪಿಪಿಎಂ ಉಪ್ಪಿನಿಂದ ಅವರಿಗೆ 150 ಮೈಕ್ರೋಗ್ರಾಂ ಅಯೋಡಿನ್ ಸಿಗುತ್ತದೆ. ಸಾಗಾಣಿಕೆಯಲ್ಲಿಯೂ ದಾಸ್ತಾನಿನಲ್ಲಿಯೂ ಆಗುವ ನಷ್ಟಕ್ಕಾಗಿ ತಯಾರಿಕೆಯಲ್ಲಿ ಹೆಚ್ಚು ಬೆರೆಸಲಾಗುತ್ತದೆ.

30 ಪಿಪಿಎಂ ಬರಬೇಕಾದರೆ ಒಂದು ಟನ್ ಉಪ್ಪಿಗೆ ಸುಮಾರು 50 ಗ್ರಾಂ ಪೊಟ್ಯಾಸಿಯಂ ಅಯೊಡೇಟ್ ಸಾಕು. ಅಯೊಡೈಡಿಗಿಂತ ಅಯೊಡೇಟ್ ತೇವ ಮತ್ತು ಬಿಸಿಲನ್ನು ತಾಳಿಕೊಳ್ಳುವುದರಿಂದ ಭಾರತದಲ್ಲಿ ಅದನ್ನೇ ಬಳಸಲಾಗುತ್ತದೆ. ಕಿಲೋ ಒಂದಕ್ಕೆ ತಗಲುವ ವೆಚ್ಚ ಪೈಸೆಗಳ ಲೆಕ್ಕದ್ದು. ಯಾವ ಹಂತದಲ್ಲಿ, ಯಾರ ಕೈಯಲ್ಲಿ, ಎಷ್ಟಿರಬೇಕು ಎಂಬುದು ಗೊತ್ತಿರುವುದರಿಂದ ಎಲ್ಲಿ ತಪ್ಪಾಯಿತೆಂದು ಕಂಡುಹಿಡಿಯಲೂ ಸಾಧ್ಯ. ‘ಜನರ ಆರೋಗ್ಯವನ್ನು ಸುಧಾರಿಸುವುದು’ ಎಂಬಂಥ ವಿಶಾಲವಾದ ಗುರಿಯಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಯಾರೂ ತಪ್ಪು ಮಾಡಿದಂತೆ ಕಾಣುವುದಿಲ್ಲ, ಕೆಲಸವೂ ಆಗಿರುವುದಿಲ್ಲ.

ತಪಾಸಣೆ ಎಲ್ಲಿತ್ತೋ ಅಲ್ಲಿ ಫಲ

ವಾಗ್ದಾನ ಖಚಿತವಾಗಿದ್ದರೆ ಸಾಲದು, ಅದನ್ನು ನೋಡುವ ಕಣ್ಣೂ ಬೇಕು. ಗುಜರಾತಿನ ಕರಾವಳಿಯಿಂದ ಉತ್ತರ ಮತ್ತು ಪೂರ್ವದ ರಾಜ್ಯಗಳಿಗೆ ಉಪ್ಪು ಹೆಚ್ಚಾಗಿ ರೈಲಿನಲ್ಲಿ ಸಾಗುತ್ತದೆ. ರೈಲಿಗೆ ತುಂಬುವ ಮೊದಲು ಉಪ್ಪು ಆಯುಕ್ತರ ಇಲಾಖೆಯ ಪರೀಕ್ಷೆ ನಡೆಯುತ್ತಿತ್ತು. ಅಯೋಡಿನ್ ಉಪ್ಪಿಗೆ ವ್ಯಾಗನ್‌ಗಳ ಹಂಚಿಕೆಯಲ್ಲಿ ಆದ್ಯತೆಯೂ ದೊರೆಯುತ್ತಿತ್ತು. ಆದರೆ ಆಗರದಿಂದ ಲಾರಿಯಲ್ಲಿ ಹೊರಟ ಉಪ್ಪಿಗೆ ಅಂಥ ಬಿಗಿಯಾದ ತಪಾಸಣೆ ಇರಲಿಲ್ಲ. ದಕ್ಷಿಣದ ರಾಜ್ಯಗಳಿಗೆ ತೂತ್ತುಕುಡಿ ಮೊದಲಾದ ಕಡೆಗಳಿಂದ ಬರುತ್ತಿದ್ದ ಉಪ್ಪು ಬಹುಪಾಲು ರಸ್ತೆಯ ಮೂಲಕವೇ ಬರುತ್ತಿತ್ತು.

ಇದರ ಪರಿಣಾಮ ಅಂಕಿಅಂಶಗಳಲ್ಲಿ ಕಾಣಿಸಿತು. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸಾಕಷ್ಟು ಅಯೋಡಿನ್ ಇರುವ ಉಪ್ಪನ್ನು ಬಳಸುವ ಕುಟುಂಬಗಳು ದೇಶದಲ್ಲಿ ಶೇಕಡಾ 51ರಷ್ಟಿದ್ದರೆ, ಕರ್ನಾಟಕ, ತಮಿಳುನಾಡು, ಆಂಧ್ರಪ್ರದೇಶಗಳು ಮೂರೂ ಆ ಸರಾಸರಿಗಿಂತ ಕೆಳಗಿದ್ದವು. 2018-19ರ ಅಯೋಡಿನ್ ಸಮೀಕ್ಷೆಯಲ್ಲಿಯೂ ಕೊನೆಯ ಸಾಲಿನಲ್ಲಿ ಕಂಡುಬಂದ ರಾಜ್ಯಗಳಲ್ಲಿ ಉಪ್ಪನ್ನು ತಯಾರಿಸುವ ತಮಿಳುನಾಡು, ಆಂಧ್ರಪ್ರದೇಶ, ರಾಜಸ್ಥಾನಗಳೇ ಸೇರಿದ್ದವು. ಆಗರದ ಪಕ್ಕದ ಊರಿನವರು ಅಲ್ಲಿಂದಲೇ ಅಗ್ಗದ ಹರಳುಪ್ಪನ್ನು ತರುವುದು ಸುಲಭ. ಆ ದಾರಿಯಲ್ಲಿ ಯಾವ ಪರೀಕ್ಷೆಯೂ ಎದುರಾಗುವುದಿಲ್ಲ.

ಕರಾವಳಿಯ ಸಣ್ಣ ಉತ್ಪಾದಕರ ಕಷ್ಟವನ್ನೂ ಇಲ್ಲಿ ನೆನೆಯಬೇಕು. ಉತ್ತರ ಕನ್ನಡದ ಗೋಕರ್ಣದ ಸಮೀಪದ ಸಾಣಿಕಟ್ಟಾದಂಥ ಕಡೆ ಹಿನ್ನೀರನ್ನು ಆಗರಗಳಲ್ಲಿ ನಿಲ್ಲಿಸಿ, ಬಿಸಿಲಿಗೆ ಒಣಗಿಸಿ ಹರಳುಪ್ಪು ತೆಗೆಯುವ ಕೆಲಸ ಬಹಳ ಹಳೆಯದು. ಪುಡಿ ಉಪ್ಪಿಗೆ ಯಂತ್ರದಲ್ಲಿ ಅಯೋಡಿನ್ ಬೆರೆಸುವಷ್ಟು ಸುಲಭವಾಗಿ ದಪ್ಪ ಹರಳಿಗೆ ಸಮನಾಗಿ ಬೆರೆಸಲಾಗದು. ಯಂತ್ರ, ಪ್ರಯೋಗಾಲಯ, ಒಳಪದರವಿರುವ ಚೀಲ ಇವೆಲ್ಲವುಗಳ ವೆಚ್ಚ ದೊಡ್ಡ ಗಿರಣಿಗೆ ಹಗುರ, ಸಣ್ಣವರಿಗೆ ಭಾರ. ಕಾಯಿದೆಯೊಂದನ್ನೇ ಹೇರಿ, ಈ ಹೊರೆಯನ್ನು ಹಂಚಿಕೊಳ್ಳುವ ಮಾರ್ಗವನ್ನು ತೋರಿಸದಿದ್ದರೆ ಸಣ್ಣ ಉತ್ಪಾದಕರು ಕಸುಬು ಬಿಡಬೇಕಾಗುತ್ತದೆ, ಇಲ್ಲವೇ ಕದ್ದು ಮಾರಬೇಕಾಗುತ್ತದೆ. ಸಹಕಾರ ಸಂಘದ ಮೂಲಕ ಸಮಾನ ಘಟಕ ನಡೆಸುವುದು, ಪೊಟ್ಯಾಸಿಯಂ ಅಯೊಡೇಟನ್ನು ಒಟ್ಟಾಗಿ ಖರೀದಿಸುವುದು ಇಂಥ ಹೊರೆಯನ್ನು ಇಳಿಸುವ ದಾರಿಗಳು. ಬಡ ಗ್ರಾಹಕರ ಹಿತಕ್ಕಾಗಿ ನಡೆಯುವ ಕಾರ್ಯಕ್ರಮ ಬಡ ಉತ್ಪಾದಕರನ್ನು ಮರೆತರೆ ಅದರ ನೈತಿಕ ಬಲವೇ ಕುಗ್ಗುತ್ತದೆ.

ನಿಯಮದ ಏರಿಳಿತ ಮತ್ತು ಅದರ ಬೆಲೆ

ಅಯೋಡಿನ್ ಇಲ್ಲದ ಖಾದ್ಯ ಉಪ್ಪಿನ ಮಾರಾಟವನ್ನು ಕೇಂದ್ರ ಸರ್ಕಾರ 1998ರಲ್ಲಿ ದೇಶಾದ್ಯಂತ ನಿಷೇಧಿಸಿತು. ಜನರು ಯಾವ ಉಪ್ಪನ್ನು ತಿನ್ನಬೇಕೆಂಬುದನ್ನು ಕಾಯಿದೆಯ ಮೂಲಕ ಹೇರಬಾರದೆಂಬ ಆಕ್ಷೇಪದ ಹಿನ್ನೆಲೆಯಲ್ಲಿ 2000ದಲ್ಲಿ ಆ ನಿಷೇಧವನ್ನು ಹಿಂತೆಗೆದುಕೊಂಡಿತು. 2005ರ ನವೆಂಬರಿನಲ್ಲಿ ಮತ್ತೆ ಅಧಿಸೂಚನೆ ಹೊರಡಿಸಿ, 2006ರ ಮೇ 17ರಿಂದ ನಿಷೇಧವನ್ನು ಮರಳಿ ಜಾರಿಗೆ ತಂದಿತು. 1998-99ರ ಸಮೀಕ್ಷೆಯಲ್ಲಿ ಶೇಕಡಾ 49ರಷ್ಟು ಕುಟುಂಬಗಳು ಸಾಕಷ್ಟು ಅಯೋಡಿನ್ ಇರುವ ಉಪ್ಪನ್ನು ಬಳಸುತ್ತಿದ್ದವು. ನಿಷೇಧ ತೆರವಾದ ನಂತರ, 2002-03ರ ಸುಮಾರಿಗೆ ನಡೆದ ಸಮೀಕ್ಷೆಯಲ್ಲಿ ಆ ಪ್ರಮಾಣ ಶೇಕಡಾ 30ರಷ್ಟಕ್ಕೆ ಕುಸಿದಿತ್ತು. 2009ರಲ್ಲಿ ಅದು ಶೇಕಡಾ 71ಕ್ಕೆ ಏರಿತು. ನಿಷೇಧವಿಲ್ಲದ ಆ ಅವಧಿಯಲ್ಲಿ ಗರ್ಭದಲ್ಲಿದ್ದ ಮಕ್ಕಳಿಗೆ ಅದು ಮರಳಿ ಬಾರದ ಕಾಲ.

ನಿಯಮ ಪದೇ ಪದೇ ಬದಲಾದರೆ ವರ್ತಕರು ಮತ್ತು ತಯಾರಕರು ನಷ್ಟಕ್ಕೆ ಒಳಗಾಗುತ್ತಾರೆಂಬುದು ವಾಣಿಜ್ಯ ಸಂಸ್ಥೆಗಳ ಹಳೆಯ ದೂರು. ನಿಯಮವನ್ನು ನಂಬಿ ಯಂತ್ರಕ್ಕೆ ಹಣ ಹೂಡಿದವರು, ಆ ನಿಯಮ ರದ್ದಾದಾಗ ಹೂಡದವರ ಮುಂದೆ ಸೋಲುತ್ತಾರೆ. ಮುಂದಿನ ಸಲ ನಿಯಮ ಬಂದಾಗ ಕಾದು ನೋಡುತ್ತಾರೆ. ಆರೋಗ್ಯ ಕಾರ್ಯಕ್ರಮಕ್ಕೂ ಸ್ಥಿರತೆಯೇ ಬಂಡವಾಳ.

ಕಾಯಿದೆಯ ದಾರಿಯೂ ನೇರವಾಗಿರಬೇಕು. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿಷೇಧದ ನಿಯಮ ಆಹಾರ ಕಲಬೆರಕೆ ತಡೆ ಕಾಯಿದೆಯ ವ್ಯಾಪ್ತಿಯನ್ನು ಮೀರಿದ್ದೆಂದು ತೀರ್ಪಿತ್ತಿತು. ಸರ್ಕಾರವು ಸೂಕ್ತ ಕ್ರಮ ಕೈಗೊಳ್ಳಲೆಂದು ನಿಯಮವನ್ನು ಆರು ತಿಂಗಳ ಕಾಲ ಮುಂದುವರಿಸಿತು. ಅದೇ ವರ್ಷ ಜಾರಿಗೆ ಬಂದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ನಿಯಮಾವಳಿಯಲ್ಲಿ ಈ ನಿರ್ಬಂಧಕ್ಕೆ ಸ್ಥಾನ ದೊರೆಯಿತು. ಉದ್ದೇಶ ಎಷ್ಟೇ ಒಳ್ಳೆಯದಾಗಿದ್ದರೂ ಅದನ್ನು ಸರಿಯಾದ ಅಧಿಕಾರದಿಂದಲೇ ಜಾರಿಗೊಳಿಸಬೇಕೆಂಬ ಪಾಠ ಇದರಲ್ಲಿದೆ.

ಏನನ್ನು ಅಳೆಯಲಾಯಿತು?

2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಶೇಕಡಾ 93ರಷ್ಟು ಕುಟುಂಬಗಳು ಅಯೋಡಿನ್ ಉಪ್ಪನ್ನು ಬಳಸುತ್ತಿದ್ದವು. ಹೆಚ್ಚುಕಡಿಮೆ ಅದೇ ಕಾಲದ, 2014-15ರ ಇನ್ನೊಂದು ಸಮೀಕ್ಷೆಯ ಪ್ರಕಾರ ಆ ಪ್ರಮಾಣ ಶೇಕಡಾ 78. ಎರಡರಲ್ಲಿ ಒಂದು ಸುಳ್ಳೇ? ಅಲ್ಲ. ಮೊದಲನೆಯದು ಉಪ್ಪಿನ ಮೇಲೆ ಪರೀಕ್ಷಾ ದ್ರವದ ಹನಿಯನ್ನು ಹಾಕಿ, ಅದರಲ್ಲಿರುವ ಪಿಷ್ಟವು ನೀಲಿ ಬಣ್ಣಕ್ಕೆ ತಿರುಗುತ್ತದೆಯೇ ಎಂದು ನೋಡಿದ ಲೆಕ್ಕ. ಅಯೋಡಿನ್ ಇದೆಯೇ, ಇಲ್ಲವೇ ಎಂಬುದನ್ನು ಮಾತ್ರ ಅದು ಹೇಳುತ್ತದೆ. ಎರಡನೆಯದು ಪ್ರಯೋಗಾಲಯದಲ್ಲಿ ಪ್ರಮಾಣವನ್ನು ಅಳೆದು, 15 ಪಿಪಿಎಂ ಮುಟ್ಟಿದ ಉಪ್ಪನ್ನು ಮಾತ್ರ ಎಣಿಸಿದ ಲೆಕ್ಕ. 2018-19ರಲ್ಲಿ ಈ ಎರಡನೆಯ ಬಗೆಯ ಅಳತೆಯಲ್ಲಿ ದೊರೆತ ಅಂಕಿ ಶೇಕಡಾ 76.3.

ಯಾವ ಅಂಕಿಯನ್ನು ಜಾಹೀರುಮಾಡುತ್ತಾರೆಂಬುದರ ಮೇಲೆ ಕಾರ್ಯಕ್ರಮದ ಪ್ರಾಮಾಣಿಕತೆ ತಿಳಿಯುತ್ತದೆ. 93ನ್ನು ಮಾತ್ರ ಹೇಳಿ ಸುಮ್ಮನಾದರೆ ಸುಳ್ಳು ಹೇಳಿದಂತಾಗದು. ಆದರೆ ಸಾಕಷ್ಟು ಅಯೋಡಿನ್ ದೊರೆಯದ ಸುಮಾರು ಐದನೇ ಒಂದು ಭಾಗದ ಕುಟುಂಬಗಳು ಕಣ್ಮರೆಯಾಗುತ್ತವೆ. ಉದ್ರಿ ಮಾರಾಟವನ್ನೆಲ್ಲ ವಸೂಲಾದ ಹಣವೆಂದು ಬರೆದುಕೊಂಡ ಖಾತೆಯ ಪುಸ್ತಕವನ್ನು ಯಾವ ವರ್ತಕರೂ ನಂಬುವುದಿಲ್ಲ. ಎಷ್ಟು ಚೀಲ ಕಳುಹಿಸಲಾಯಿತು, ಎಷ್ಟು ಶಿಬಿರ ನಡೆಯಿತು ಎಂಬುದು ರವಾನೆಯ ಲೆಕ್ಕ. ಮನೆಯ ಉಪ್ಪಿನಲ್ಲಿ ಎಷ್ಟು ಅಯೋಡಿನ್ ಇದೆ ಎಂಬುದು ತಲುಪಿದ ಲೆಕ್ಕ. ತಾಯಂದಿರ ಮತ್ತು ಮಕ್ಕಳ ಮೂತ್ರದಲ್ಲಿ ಅಯೋಡಿನ್ ಎಷ್ಟಿದೆ, ಗಳಗಂಡ ಎಷ್ಟು ಇಳಿಯಿತು ಎಂಬುದು ಫಲದ ಲೆಕ್ಕ. ಮೂರೂ ಬೇಕು, ಒಂದರ ಬದಲು ಇನ್ನೊಂದನ್ನು ತೋರಿಸಬಾರದು. ಲೆಕ್ಕ ಹಾಕುವವರು ಕೆಲಸ ನಡೆಸುವವರಿಂದ ಬೇರೆಯಾಗಿರುವುದೂ ಅಗತ್ಯ.

ಆಕ್ಷೇಪಗಳನ್ನು ಎದುರಿಸುವ ರೀತಿ

ಉಪ್ಪು ಭಾರತೀಯರಿಗೆ ಬರಿಯ ಪದಾರ್ಥವಲ್ಲ. 1930ರ ದಂಡಿಯಾತ್ರೆಯ ನೆನಪು ಅದರೊಂದಿಗೆ ಬೆರೆತಿದೆ. ಅಯೋಡೀಕರಣದಿಂದ ದೊಡ್ಡ ಕಂಪನಿಗಳಿಗೆ ಲಾಭ, ಬಡವರಿಗೆ ಬೆಲೆಯೇರಿಕೆ ಎಂಬ ಟೀಕೆ ಮೊದಲಿನಿಂದಲೂ ಇದೆ. ನೆರೆಯ ಪಾಕಿಸ್ತಾನದಲ್ಲಿ ಅಯೋಡಿನ್ ಉಪ್ಪು ಸಂತಾನಶಕ್ತಿಯನ್ನು ಕುಂದಿಸುತ್ತದೆಂಬ ವದಂತಿಯೂ ಹಬ್ಬಿತ್ತು. ಇಂಥ ಮಾತುಗಳನ್ನೆಲ್ಲ ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಹಾಗೆ ತಳ್ಳಿಹಾಕಿದಲ್ಲಿ ವಿಶ್ವಾಸ ಬೆಳೆಯುವುದಿಲ್ಲ. ಬೆಲೆಯ ಟೀಕೆಗೆ ಅಗ್ಗದ ಅಯೋಡಿನ್ ಉಪ್ಪನ್ನು ಒದಗಿಸುವುದೇ ಉತ್ತರ. ವದಂತಿಗೆ ಜನರು ನಂಬುವ ವೈದ್ಯರು, ಶಿಕ್ಷಕರು, ಧಾರ್ಮಿಕ ಮುಖಂಡರ ವಿವರಣೆಯೇ ಉತ್ತರ.

ಕಾರ್ಯಕ್ರಮವು ತನ್ನ ಮಿತಿಗಳನ್ನು ತಾನೇ ಹೇಳಿಕೊಳ್ಳಬೇಕು. ಅಯೋಡಿನ್ ಅತಿಯಾದರೂ ಥೈರಾಯ್ಡ್ ಗ್ರಂಥಿಗೆ ತೊಂದರೆಯಾಗಬಹುದು. ಆದ್ದರಿಂದಲೇ ಮೇಲಿನ ಮಿತಿಯ ಮೇಲೂ ಕಣ್ಣಿಡಬೇಕಾಗುತ್ತದೆ. ಥೈರಾಯ್ಡ್ ಕಾಯಿಲೆ ಇರುವವರು ವೈದ್ಯರ ಸಲಹೆ ಪಡೆಯಬೇಕು. ಮತ್ತೊಂದು ಕಡೆ, ರಕ್ತದೊತ್ತಡದ ಭಯದಿಂದ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೆಚ್ಚು ಅಯೋಡಿನ್ನಿಗಾಗಿ ಹೆಚ್ಚು ಉಪ್ಪು ತಿನ್ನಿ ಎಂದು ಯಾವ ಕಾರ್ಯಕ್ರಮವೂ ಹೇಳಬಾರದು. ಜನರು ತಿನ್ನುವ ಉಪ್ಪು ಕಡಿಮೆಯಾದಂತೆ ಅದರಲ್ಲಿನ ಅಯೋಡಿನ್ ಪ್ರಮಾಣವನ್ನು ಮತ್ತೆ ಲೆಕ್ಕ ಹಾಕಿ ಹೊಂದಿಸುವುದೇ ಸರಿಯಾದ ಮಾರ್ಗ.

ವರ್ತಕರ ಕೈಯಲ್ಲಿರುವುದು

ತಯಾರಿಕೆಯ ಹಂತದ 30ಕ್ಕೂ ಗ್ರಾಹಕರ ಹಂತದ 15ಕ್ಕೂ ನಡುವಿನ ಅಂತರವನ್ನು ಕಾಯುವವರು ಸಗಟು ಮತ್ತು ಚಿಲ್ಲರೆ ವರ್ತಕರು. ತಯಾರಿಕೆಯ ಹಂತದ ಪ್ರಮಾಣದಲ್ಲಿ ನಂತರ ತಿದ್ದುಪಡಿಗಳಾಗಿರುವುದರಿಂದ ತಯಾರಕರು ಜಾರಿಯಲ್ಲಿರುವ ನಿಯಮವನ್ನು ನೋಡಿಕೊಳ್ಳುವುದು ಒಳಿತು. ವರ್ತಕರು ಮಾಡಬೇಕಾದುದಕ್ಕೆ ಹೆಚ್ಚಿನ ಖರ್ಚಿಲ್ಲ. ಮೂಟೆಗಳನ್ನು ಜಗಲಿಯಿಂದ ಒಳಕ್ಕೆ ತಂದು, ನೆಲದ ತೇವ ತಗಲದಂತೆ ಹಲಗೆಯ ಮೇಲೆ ಜೋಡಿಸಬೇಕು. ಮೊದಲು ಬಂದುದನ್ನು ಮೊದಲು ಮಾರಬೇಕು. ಬಿಡಿಯಾಗಿ ಮಾರುವುದಕ್ಕಿಂತ ಮುಚ್ಚಿದ ಪೊಟ್ಟಣ ಉತ್ತಮ. ಪೊಟ್ಟಣದ ಮೇಲೆ ತಯಾರಕರ ಹೆಸರು, ತಂಡದ ಸಂಖ್ಯೆ, ತಯಾರಾದ ದಿನಾಂಕಗಳಿವೆಯೇ ಎಂದು ನೋಡಿ, ಬಿಲ್ಲನ್ನು ಕಾಪಾಡಿಕೊಳ್ಳಬೇಕು. ಮಾದರಿ ಪರೀಕ್ಷೆಯಲ್ಲಿ ಕೊರತೆ ಕಂಡುಬಂದರೆ ಹೊಣೆ ಯಾರದೆಂದು ತೋರಿಸಲು ಆ ಬಿಲ್ಲೇ ಆಧಾರ. ಪಶುಗಳಿಗೆ, ಚರ್ಮ ಹದಮಾಡಲು, ಮೀನು ಸಂರಕ್ಷಿಸಲು, ಕಾರ್ಖಾನೆಗಳಿಗೆ ಮಾರುವ ಅಯೋಡಿನ್ ರಹಿತ ಉಪ್ಪಿಗೆ ಅವಕಾಶವುಂಟು. ಆದರೆ ಅದರ ಮೇಲೆ ಆ ಉದ್ದೇಶ ಸ್ಪಷ್ಟವಾಗಿ ನಮೂದಾಗಿರಬೇಕು, ಖಾದ್ಯ ಉಪ್ಪಿನಿಂದ ಅದನ್ನು ಬೇರೆಯಾಗಿಡಬೇಕು. ಹರಳುಪ್ಪನ್ನು ತೊಳೆದು ಬಳಸುವ ಗ್ರಾಹಕರಿಗೆ, ತೊಳೆದರೆ ಮೇಲ್ಮೈಯ ಅಯೋಡಿನ್ ನೀರಿನೊಂದಿಗೆ ಹೋಗುವುದೆಂದು ತಿಳಿಸುವುದೂ ಅಂಗಡಿಯವರಿಂದಲೇ ಸಾಧ್ಯ. ಸೈಂಧವ ಲವಣ ಮೊದಲಾದವು ಈಗ ಜನಪ್ರಿಯವಾಗಿವೆ. ಅವುಗಳಲ್ಲಿ ಸಾಕಷ್ಟು ಅಯೋಡಿನ್ ತಾನಾಗಿಯೇ ಇರುವುದಿಲ್ಲವೆಂಬುದು ವಿಶೇಷವಾಗಿ ಗರ್ಭಿಣಿಯರ ಮನೆಯವರಿಗೆ ಗೊತ್ತಿರಬೇಕು.

ಉಪ್ಪಿನ ಈ ಅನುಭವವನ್ನು ಬೇರೆ ಕಾರ್ಯಕ್ರಮಗಳಿಗೂ ಅನ್ವಯಿಸಬಹುದು. ದೇಣಿಗೆ ಕೇಳಲು ಬಂದ ಸಂಸ್ಥೆಗಾಗಲಿ, ಹೊಸ ಯೋಜನೆಯನ್ನು ವಿವರಿಸಲು ಬಂದ ಅಧಿಕಾರಿಗಾಗಲಿ ವಾಣಿಜ್ಯ ಸಂಸ್ಥೆಯ ಸದಸ್ಯರು ಕೆಲವು ಪ್ರಶ್ನೆಗಳನ್ನು ವಿನಯದಿಂದಲೇ ಕೇಳಬಹುದು. ಇದನ್ನು ಮೊದಲು ಎಲ್ಲಿಯಾದರೂ ಪರೀಕ್ಷಿಸಲಾಗಿದೆಯೇ, ಯೋಜನೆ ಇಲ್ಲದ ಕಡೆಯೊಂದಿಗೆ ಹೋಲಿಸಲಾಗಿದೆಯೇ? ಯಾರಿಗೆ, ಎಷ್ಟು, ಯಾವಾಗ ಎಂಬ ವಾಗ್ದಾನ ಸ್ಪಷ್ಟವಾಗಿದೆಯೇ? ಕೆಲಸ ಮಾಡುವವರಿಗೆ ಅದು ನಿತ್ಯದ ಕಸುಬಿನೊಳಗೆ ಹೊಂದುವಂಥದೇ, ಇಲ್ಲ ಹೊರೆ ಮಾತ್ರವೇ? ಲೆಕ್ಕವನ್ನು ಹೊರಗಿನವರು ನೋಡುತ್ತಾರೆಯೇ? ತಲುಪದೆ ಉಳಿದವರ ಸಂಖ್ಯೆಯನ್ನೂ ಪ್ರಕಟಿಸುತ್ತಾರೆಯೇ? ಈ ಪ್ರಶ್ನೆಗಳಿಗೆ ನೇರವಾದ ಉತ್ತರ ಕೊಡುವ ಕಾರ್ಯಕ್ರಮಕ್ಕೆ ಹಣ ಕೊಡಬಹುದು, ಹೆಸರನ್ನೂ ಕೊಡಬಹುದು.

ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದೆಂಬುದು ಕನ್ನಡಿಗರ ಹಳೆಯ ಮಾತು. ಉಪ್ಪನ್ನು ಮಾರುವವರ ಮೇಲೆಯೂ ಆ ಮಾತಿನ ಹೊಣೆ ಇದೆ. ಕೊಂಡ ಉಪ್ಪಿನಲ್ಲಿ ಅಯೋಡಿನ್ ಇದೆಯೇ ಎಂದು ಗ್ರಾಹಕರು ನಾಲಗೆಯಿಂದ ತಿಳಿಯಲಾರರು, ಕಣ್ಣಿನಿಂದ ಕಾಣಲಾರರು. ಅಂಗಡಿಯವರನ್ನು ನಂಬಿ ಒಯ್ಯುತ್ತಾರೆ. ಆ ನಂಬಿಕೆ ಉಳಿಯಬೇಕಾದರೆ ಮೊದಲ ಕೆಲಸ, ಇಂದು ಸಂಜೆ ಬಾಗಿಲು ಹಾಕುವ ಮುನ್ನ ಜಗಲಿಯ ಮೇಲಿನ ಮೂಟೆಯನ್ನು ಒಳಗೆ ತೆಗೆದಿಡುವುದು.